ಆಂಟಿ, ಎಂಟು ವಾರ

ಹೋದ ತಿಂಗಳು ನಮ್ಮ ನ್ಯೂ ಟೌನಿನ ಒಂದು ಆಸ್ಪತ್ರೆಯ ಕೌಂಟರಿನಲ್ಲಿ "ಗಂಡನ ಸಹಿ ಬೇಕು" ಎಂದರು. ನನ್ನ ಪಕ್ಕ ನಿಂತಿದ್ದವಳು ನಮ್ಮ ಕಡೆಯ ಹುಡುಗಿ, ಸಾಫ್ಟ್‌ವೇರ್ ಕೆಲಸದವಳು. ಮದುವೆಯಾಗಿಲ್ಲ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.)

ಹಿಂದಿನ ರಾತ್ರಿ ಮನೆಗೆ ಬಂದು "ಆಂಟಿ, ಎಂಟು ವಾರ" ಎಂದಾಗ ನನ್ನ ಬಾಯಿಂದ ಮೊದಲು ಬಂದದ್ದು "ಯಾರವನು?" ಊಟ ಆಯಿತಾ ಅಂತ ಕೇಳಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಳ್ಳತೊಡಗಿದಳು. ಕೈ ಹಿಡಿದು ಕೂರಿಸಿ ಅನ್ನ ಸಾರು ಬಡಿಸಿದೆ.

ಸಹಿಯ ವಿಷಯ ಎಲ್ಲರಿಗೂ ಗೊತ್ತಿರಲಿ. 18 ತುಂಬಿದ ಹೆಣ್ಣಿನ ಗರ್ಭಪಾತಕ್ಕೆ ಅವಳ ಒಪ್ಪಿಗೆಯೊಂದೇ ಸಾಕು ಎಂದು 1971ರ ಕಾಯಿದೆಯೇ ಹೇಳುತ್ತದೆ. ಗಂಡನದೂ ಬೇಡ, ಅಪ್ಪನದೂ ಬೇಡ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದ ನಡುವೆ ವಿವಾಹಿತೆಯರಿಗಿರುವ ಅವಕಾಶವನ್ನು ಅವಿವಾಹಿತೆಯರಿಗೆ ತಪ್ಪಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಹುಡುಗಿ ಮಣಿಪುರದವಳು, ರೈತರ ಮನೆಯ ಐದು ಮಕ್ಕಳಲ್ಲಿ ಹಿರಿಯಳು, ದೆಹಲಿಯಲ್ಲಿ ಇದ್ದಳು. ಜೊತೆಗಿದ್ದವನು ಕೊನೆ ಗಳಿಗೆಯಲ್ಲಿ ಮದುವೆಗೆ ಒಲ್ಲೆ ಎಂದಿದ್ದ. ನಮ್ಮ ಹಾಗೆ ಊರು ಬಿಟ್ಟವಳು.

ನನ್ನ ಹರಕು ಬಾಂಗ್ಲಾದಲ್ಲಿ ಇಷ್ಟು ಹೇಳಿದ ಮೇಲೆ ಕೌಂಟರಿನವರು ಒಳಗೆ ಬಿಟ್ಟರು. ಡಾಕ್ಟರಮ್ಮ ಒಳ್ಳೆಯವರು, ಸಮಾಧಾನವಾಗಿ ಮಾತಾಡಿದರು. ಆದರೆ ಹುಡುಗಿ "ಎರಡು ದಿನ ಯೋಚಿಸ್ತೀನಿ" ಎಂದು ಎದ್ದುಬಿಟ್ಟಳು.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಬೇಗ ಮುಗಿದುಹೋಗಲಿ ಅನ್ನಿಸಿತ್ತು. ಅವಳಿಗೋಸ್ಕರವೋ, ನಾಳೆ ನಾಲ್ಕು ಜನ ನನ್ನನ್ನು ಕೇಳುತ್ತಾರೆಂದೋ? ಇಕೋ ಪಾರ್ಕಿನ ಬೆಂಚಿನ ಮೇಲೆ ಕೂತಾಗ ಅವಳು ಕೇಳಿದಳು: "ಹೆತ್ತು, ದತ್ತು ಕೊಟ್ಟರೆ?" ಅದಕ್ಕೂ ದಾರಿಯಿದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು; 2015ರ ಬಾಲನ್ಯಾಯ ಕಾಯಿದೆಯಲ್ಲಿ ಮನಸ್ಸು ಬದಲಾಯಿಸಲು ತಾಯಿಗೆ ಎರಡು ತಿಂಗಳಿದೆ. ಹೇಳಿದೆ. ಹೇಳುವಾಗ ದನಿಯಲ್ಲಿ ನನ್ನ ಇಷ್ಟ ಕೇಳಿಸದಂತೆ ನೋಡಿಕೊಳ್ಳುವುದೇ ಕಷ್ಟವಾಯಿತು.

ಮೂರನೆಯ ದಿನ ಟೋಟೊ ಹಿಡಿದು ಮತ್ತೆ ಜೊತೆಗೆ ಹೋದೆ. ಏನು ತೀರ್ಮಾನಿಸಿದಳೆಂದು ಇಲ್ಲಿ ಬರೆಯುವುದಿಲ್ಲ. ಗರ್ಭಪಾತ ಮಾಡಿಸಿಕೊಂಡವಳ ಹೆಸರು ಹೊರಗೆ ಬಿಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಆಂಟಿಯರಿಗೆ ಅಂಥ ಕಾಯಿದೆ ಇಲ್ಲ.

ಅವಳಮ್ಮನ ಹತ್ತಿರ ನನ್ನ ನಂಬರಿದೆ. ಮೊನ್ನೆ ಭಾನುವಾರ ಫೋನ್ ಮಾಡಿದ್ದರು. "ಹುಡುಗಿ ಸಣ್ಣಗಾಗಿದಾಳೆ ಅಲ್ವಾ?" ಎಂದರು. "ಆಫೀಸ್ ಕೆಲಸ ಜಾಸ್ತಿ" ಎಂದೆ. ಆಮೇಲೆ ಇಲ್ಲಿಯ ಮಳೆ, ಸೊಪ್ಪಿನ ರೇಟು ಮಾತಾಡಿದೆವು.