ಅತ್ತರು ಕಡಿಮೆಯಿರಲಿಲ್ಲ, ಬತ್ತಿ ಸಣ್ಣದಿತ್ತು



ಸೋಯಾ ಮೇಣದ ಸುಗಂಧ ದೀಪ ಮಾಡಿ ಮಾರುವ ಕೆಲಸವನ್ನು ನಮ್ಮ ಬಳಗದ ಕೆಲವು ಮನೆಗಳ ಹೆಣ್ಣುಮಕ್ಕಳು ಹಿಡಿದಿದ್ದಾರೆ. ಒಳ್ಳೆಯದೇ. ಜೇನುಮೇಣ ನಮ್ಮಲ್ಲಿ ನಡೆಯದು. ಪೇಟೆಯ ಮೇಣಬತ್ತಿ ಗಟ್ಟಿಯಾಗಲೆಂದು ಹಾಕುವ ಸ್ಟಿಯರಿಕ್ ಆಸಿಡ್ ತಾಳೆ ಎಣ್ಣೆಯದೋ ಪ್ರಾಣಿಯ ಕೊಬ್ಬಿನದೋ ಕೇಳದೆ ತಿಳಿಯದು. ಸೋಯಾ ಮೇಣವೆಂದರೆ ಸೋಯಾಬೀನ್ ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡಿದ್ದು, ಆ ಚಿಂತೆಯಿಲ್ಲ. ಗ್ಲಾಸಿನಲ್ಲಿ ಹೊಯ್ದ ಇಡಿಯ ವಸ್ತುವನ್ನು ಇಲ್ಲಿ ದೀಪವೆಂದೂ, ನಡುವಿನ ಹತ್ತಿಯ ದಾರವನ್ನು ಬತ್ತಿಯೆಂದೂ ಬರೆಯುತ್ತೇನೆ, ಗೊಂದಲ ಬೇಡ.

ನಮ್ಮ ಹಿರಿ ಸೊಸೆ 2023ರಲ್ಲಿ ಇದನ್ನು ಶುರು ಮಾಡಿದಳು. ಒಂದು ಗ್ಲಾಸಿಗೆ 150 ಗ್ರಾಂ ಮೇಣ, ನೂರಕ್ಕೆ 8ರಂತೆ 12 ಗ್ರಾಂ ಮಲ್ಲಿಗೆಯ ಸುಗಂಧ ತೈಲ. ಮುಚ್ಚಳ ತೆಗೆದು ಮೂಸಿದರೆ ಘಮಘಮ. ಹಚ್ಚಿದರೆ ಏನೂ ಇಲ್ಲ. "ಮಾವಾರ, ಹಚ್ಚಿದ್ರ ವಾಸನೀನ ಬರವಲ್ದ್ರೀ" ಎಂದಳು. ನಲವತ್ತು ವರ್ಷ ಗಲ್ಲೆಯ ಮೇಲೆ ಕುಳಿತವನೆಂಬ ಜಂಬ ನನಗೆ. "ಕಂಜೂಸಿ ಮಾಡಬ್ಯಾಡವ್ವಾ, ಕೈ ಬಿಚ್ಚಿ ಹಾಕು" ಎಂದುಬಿಟ್ಟೆ. ಆಕೆ 18 ಗ್ರಾಂ ಹಾಕಿದಳು. ದೀಪಾವಳಿಗೆ ಊರಿನ ಒಂದು ಅಂಗಡಿಯವರು 60 ಗ್ಲಾಸು ಒಯ್ದರು, ಒಂದಕ್ಕೆ 180 ರೂಪಾಯಿ. ಅವರೂ ಮೂಸಿಯೇ ತೆಗೆದುಕೊಂಡರು, ಹಚ್ಚಿ ನೋಡಲಿಲ್ಲ.

ವಾರದೊಳಗೆ 40 ಗ್ಲಾಸು ಮರಳಿ ಬಂದವು. ಮೇಣದ ಮೇಲೆ ಎಣ್ಣೆಯ ಹನಿ, ಬೆವರಿದ ಹಾಗೆ. ಹಚ್ಚಿದರೆ ಗಂಟೆಯೊಳಗೆ ಉರಿ ಮುಳುಗಿ ನಂದುತ್ತಿತ್ತು. 7,200 ರೂಪಾಯಿ ತಿರುಗಿ ಕೊಟ್ಟೆವು. ಹಣದ ಮಾತು ಹಾಗಿರಲಿ, ಆ ಹುಡುಗಿ ನಾಲ್ಕು ದಿನ ಅಡಿಗೆಮನೆಯಿಂದ ಹೊರಗೆ ಬಂದು ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದೆಂದು ಆಕೆ ಹೇಳಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಆಮೇಲೆ ಇಬ್ಬರೂ ಕುಳಿತು ಹುಡುಕಿದೆವು. ವಾಸನೆ ಬರುವುದು ಉರಿಯಿಂದಲ್ಲ. ಉರಿಯ ಸುತ್ತ ಕರಗಿ ನಿಂತ ಬಿಸಿ ಮೇಣದ ಮೇಲ್ಮೈಯಿಂದ ತೈಲ ಆವಿಯಾಗಿ ಏಳುತ್ತದೆ. ಬತ್ತಿ ಸಣ್ಣದಿದ್ದರೆ ಕರಗಿದ ಕೊಳವೂ ಸಣ್ಣದು, ಗ್ಲಾಸಿನಲ್ಲಿ ಎಷ್ಟೇ ತೈಲವಿದ್ದರೂ ಅಂಚಿನ ಗಟ್ಟಿ ಮೇಣದಲ್ಲಿ ಸಿಕ್ಕಿಕೊಂಡಿರುತ್ತದೆ. ಮೇಲೆ ಮತ್ತೆ ತೈಲ ಸುರಿದರೆ ಮೇಣ ಹಿಡಿದುಕೊಳ್ಳದೆ ಹೊರಗೆ ಬಿಡುತ್ತದೆ, ಬತ್ತಿಯ ಎಳೆಗಳೂ ಕಟ್ಟಿಕೊಳ್ಳುತ್ತವೆ. ಎಷ್ಟು ಹಿಡಿದೀತೆಂದು ಮೇಣ ಮಾರುವವರು ಹೇಳುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 6ರಿಂದ 10. ಅದನ್ನೂ ತೂಕದಲ್ಲಿ ಹಾಕಬೇಕು, ಚಮಚದ ಲೆಕ್ಕ ನಂಬಬಾರದು.

ಮೂರು ಗ್ಲಾಸು ತೆಗೆದುಕೊಂಡೆವು. ಒಳಗಿನ ಅಗಲ 7 ಸೆಂಟಿಮೀಟರ್. ಮೇಣ ಅದೇ, ತೈಲ ಅದೇ 12 ಗ್ರಾಂ, ಬತ್ತಿ ಮಾತ್ರ ತೆಳ್ಳಗಿನದು, ನಡುವಿನದು, ದಪ್ಪನೆಯದು. ದಿನಕ್ಕೆ ನಾಲ್ಕು ಗಂಟೆ ಉರಿಸಿ, ಪೂರಾ ಆರಿಸಿ, ಪ್ರತಿ ಸಲವೂ ಬತ್ತಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ ಮತ್ತೆ ಹಚ್ಚಿದೆವು. ತೆಳ್ಳಗಿನದು ನಡುವೆ ಬಾವಿ ತೋಡಿಕೊಂಡು ಇಳಿಯಿತು. ನಾವು ಮಾರಿದ್ದು ಅದೇ ಬತ್ತಿ! ನಡುವಿನದು ಮೊದಲ ದಿನ ಅಂಚು ಮುಟ್ಟಲಿಲ್ಲ. ಸೊಸೆ ಅದನ್ನೂ ಬಿಸಾಡುವವಳಿದ್ದಳು, ತಾಳು ಎಂದೆ (ಒಂದು ಮಾತಾದರೂ ನನ್ನದು ಸರಿಹೋಯಿತು). ಮೂರನೆಯ ದಿನ ಕರಗಿದ ಮೇಣ ಅಂಚಿಗೆ ಬಂತು, ಒಂದು ಸೆಂಟಿಮೀಟರಿನಷ್ಟು ಆಳ ನಿಂತಿತು, ಪಡಸಾಲೆಯಿಂದ ದೇವರ ಕೋಣೆಯವರೆಗೆ ಮಲ್ಲಿಗೆ.

ದಪ್ಪನೆಯದು ಮೊದಲ ದಿನವೇ ಅಂಚು ಮುಟ್ಟಿ ನಮಗೆ ಸಂತೋಷ ಕೊಟ್ಟಿತು. ಆದರೆ ಉರಿ ಎತ್ತರವಾಗಿ ಕುಣಿಯಿತು, ಬತ್ತಿಯ ತುದಿಗೆ ಕರಿ ಗಂಟು ಕಟ್ಟಿತು, ಗಾಜಿಗೆ ಮಸಿ ಹಿಡಿಯಿತು. ಮೇಣ ತೀರುತ್ತ ಉರಿ ಕೆಳಗಿಳಿದಂತೆ ಗಾಜಿನ ಗೋಡೆ ಕಾವನ್ನು ಒಳಗೇ ಹಿಡಿಯುತ್ತದೆ, ತಳದಲ್ಲಿ ಶಾಖ ಮೇಲಿಗಿಂತ ಬಹಳ ಹೆಚ್ಚು. ಕೊನೆಯ ದಿನ ಆ ಗ್ಲಾಸು ಟಪ್ಪೆಂದು ಸೀಳಿತು. ಸ್ಟೀಲ್ ತಾಟಿನಲ್ಲಿ ಇಟ್ಟಿದ್ದೆವು, ಬದುಕಿದೆವು. ಗಿರಾಕಿಯ ಮನೆಯ ಕಟ್ಟಿಗೆಯ ಕಪಾಟಿನ ಮೇಲೆ ಇದ್ದಿದ್ದರೆ? ಆದ್ದರಿಂದ ಸೋದರಿಯರೇ, ಮೇಲಿನ ಎರಡು ಉರಿ ನೋಡಿ ಬತ್ತಿ ಆರಿಸಬೇಡಿ, ತಳ ಕಾಣುವ ತನಕ ಉರಿಸಿ ನೋಡಿ. ಮಾರುವ ಗ್ಲಾಸಿನ ಮೇಲೆ, ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿರೆಂದು ಚೀಟಿ ಅಂಟಿಸಿ. 9 ಸೆಂಟಿಮೀಟರಿಗಿಂತ ಅಗಲದ ಪಾತ್ರೆಗೆ ಒಂದು ದಪ್ಪ ಬತ್ತಿಗಿಂತ ಎರಡು ಸಣ್ಣ ಬತ್ತಿ ಮೇಲು.

ತೈಲ ಬದಲಾದರೆ ಪರೀಕ್ಷೆಯೂ ಹೊಸದು. ಮಲ್ಲಿಗೆಗೆ ಕೂಡಿದ ಬತ್ತಿ ವೆನಿಲಾಕ್ಕೆ ಸಾಲದೇ ಹೋಗಬಹುದು. ವೆನಿಲಾದ ತೈಲ ಮೇಣದ ಬಣ್ಣವನ್ನೂ ಕಂದಾಗಿಸುತ್ತದೆ, ಕೆಟ್ಟಿತೆಂದು ಹೆದರಬೇಡಿ. ಮೈಗೆ ಹಾಕುವ ಸ್ಪ್ರೇ ಸೆಂಟನ್ನು ಮಾತ್ರ ಎಂದೂ ಸುರಿಯಬಾರದು, ಅದರಲ್ಲಿ ಸ್ಪಿರಿಟ್ ಇದೆ, ಬೆಂಕಿ ಹಿಡಿಯುತ್ತದೆ. ತೈಲವನ್ನು ಮೇಣ 80-85 ಡಿಗ್ರಿ ಇರುವಾಗ ಹಾಕಿ ಎರಡು ನಿಮಿಷ ಮೆಲ್ಲಗೆ ತಿರುವಬೇಕು. ಹೊಯ್ದ ಮೇಲೆ ಒಂದೆರಡು ವಾರ ಮುಚ್ಚಿಡಬೇಕು. ನಮ್ಮ 60 ಗ್ಲಾಸು ಹೊಯ್ದ ಮೂರನೆಯ ದಿನವೇ ಅಂಗಡಿಗೆ ಹೋಗಿದ್ದವು, ಅದೂ ಒಂದು ಅವಸರ. ವಾಸನೆ ನೋಡಲು ಹೊರಗಿನವರನ್ನು ಕರೆಯಿರಿ. ದಿನವಿಡೀ ಮಾಡಿದವರ ಮೂಗಿಗೆ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಹಾಲಿನವನೇ ಪರೀಕ್ಷಕ.

ಮರಳಿ ಬಂದ 40 ಗ್ಲಾಸನ್ನು ಏನು ಮಾಡುವುದು? ಇಲ್ಲಿ ಗಲ್ಲೆಯ ಲೆಕ್ಕ ಕೈಹಿಡಿಯಿತು. ಒಂದರಲ್ಲಿ 150 ಗ್ರಾಂ ಮೇಣಕ್ಕೆ 18 ಗ್ರಾಂ ತೈಲ. ಅದಕ್ಕೆ 75 ಗ್ರಾಂ ಬರೀ ಮೇಣ ಕೂಡಿಸಿದರೆ 225ಕ್ಕೆ 18, ಅಂದರೆ ಮತ್ತೆ ನೂರಕ್ಕೆ 8. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ, ಹಳೆ ಬತ್ತಿ ತೆಗೆದು, ಹೊಸ ಬತ್ತಿ ಕೂಡಿಸಿ 60 ಗ್ಲಾಸು ಹೊಯ್ದೆವು. ಮರು ಕಾಸುವಾಗ ಸ್ವಲ್ಪ ಘಮ ಹೋಯಿತು, ಆದರೆ ಸರಿಯಾಗಿ ಉರಿದವು. ಅಂಗಡಿಯವರಿಗೆ ಮೊದಲು ಒಂದನ್ನು ಹಚ್ಚಿ ತೋರಿಸಿ, ಆಮೇಲೆ 40 ಕೊಟ್ಟೆವು.

ಸೊಸೆ ಈಗ ಪ್ರತಿ ಸಲದ ಗ್ಲಾಸಿನ ಅಗಲ, ಬತ್ತಿಯ ನಂಬರು, ತೈಲದ ತೂಕ, ಉರಿದ ಗಂಟೆಯನ್ನು ಒಂದು ಖಾತೆ ಪುಸ್ತಕದಲ್ಲಿ ಬರೆಯುತ್ತಾಳೆ. ಮೊನ್ನೆ ಕನ್ನಡಕ ಹಾಕಿಕೊಂಡು ತಿರುವಿ ನೋಡಿದೆ. ಆ 18 ಗ್ರಾಮಿನ ಸಾಲಿನ ಮುಂದೆ, ಕಾರಣವೆಂಬ ಕಲಮಿನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದಾಳೆ: "ಮಾವನವರು ಹೇಳಿದ್ದು."