ಕಿಟಕಿಯ ಬಳಿಯ ಜಾಗ ಯಾರಿಗೆ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಿರಿಯರು ಇದನ್ನು ಹಣದ ವಿಚಾರವಾಗಿ ಹೇಳುತ್ತಿದ್ದರು. ಇಂದು ಬೆಂಗಳೂರಿನಂತಹ ನಗರದ ಬಹುಮಹಡಿ ಕಟ್ಟಡಗಳಲ್ಲಿ ಎರಡು ಕೋಣೆಗಳ ವಸತಿಯನ್ನು ಹಿಡಿದು ಬಾಳುವವರಿಗೆ ಅದು ಅಕ್ಷರಶಃ ಅನ್ವಯಿಸುತ್ತದೆ. ಮಂಚದಿಂದ ಕಾಲು ಚಾಚಿದರೆ ಅದು ಬೀರುವಿಗೆ ತಗಲುತ್ತದೆ. ಇಂತಹ ಮನೆಯನ್ನು ಅಲಂಕರಿಸುವುದು ಹೇಗೆಂದು ವಿಚಾರಿಸಿದರೆ ಅಂಗಡಿಯವನು ಹೊಸ ಸಾಮಾನುಗಳ ಪಟ್ಟಿಯನ್ನೇ ಮುಂದಿಡುತ್ತಾನೆ. ನನ್ನ ಅಭಿಪ್ರಾಯ ಬೇರೆ. ಮೊದಲು ಮನೆಯನ್ನು ಅಳೆಯಬೇಕು. ಆಮೇಲೆ ಇರುವ ಜಾಗವನ್ನು ಹಂಚಬೇಕು. ಕೊಳ್ಳುವ ಮಾತು ಕಟ್ಟಕಡೆಗೆ ಬರತಕ್ಕದ್ದು. ಹಂಚುವಾಗ ಮನೆಯಲ್ಲಿ ಓದುವವರಿಗೆ ಮೊದಲ ಪಾಲು ಸಲ್ಲಬೇಕು.

ಅಳತೆಯಿಂದ ಪ್ರಾರಂಭಿಸೋಣ. 10 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರವಿರುವ ಕೋಣೆಯೊಂದನ್ನು ತೆಗೆದುಕೊಳ್ಳಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಂದೇ ವಾಸದ ಕೋಣೆಯುಳ್ಳ ಮನೆಗೆ ವಿಧಿಸಿರುವ ಕನಿಷ್ಠ ವಿಸ್ತೀರ್ಣ 9.5 ಚದರ ಮೀಟರು, ಎಂದರೆ ಸುಮಾರು 102 ಚದರ ಅಡಿ; ನಮ್ಮ ಕೋಣೆಯೂ ಹೆಚ್ಚು ಕಡಮೆ ಅಷ್ಟೇ. ಇದರ ಬಾಗಿಲು 3 ಅಡಿ ಅಗಲವಾಗಿದ್ದು ಒಳಕ್ಕೆ ತೆರೆದುಕೊಳ್ಳುವುದಾದರೆ, ಅದು ನೆಲದ ಮೇಲೆ ಕಾಲುಭಾಗ ವೃತ್ತವನ್ನು ಬಳಿಯುತ್ತದೆ. ಲೆಕ್ಕ ಮಾಡಿದರೆ ಆ ಕ್ಷೇತ್ರ ಸುಮಾರು 7 ಚದರ ಅಡಿ. ಮೂರೂವರೆ ಅಡಿ ಉದ್ದ, 2 ಅಡಿ ಅಗಲದ ಓದುವ ಮೇಜಿಗೆ ಬೇಕಾದುದೂ ಅಷ್ಟೇ ಜಾಗ! ಗೋಡೆಯ ಗುಂಟ ಸರಿಯುವ ಬಾಗಿಲನ್ನು ಕೂಡಿಸಿದರೆ ಈ ನೆಲವೆಲ್ಲ ನಮಗೆ ಮರಳಿ ದೊರೆಯುತ್ತದೆ.

ಇನ್ನು ಎತ್ತರದ ಕಡೆಗೆ ನೋಡೋಣ. ಮನೆಯ ಬಾಡಿಗೆಯನ್ನು ಚದರ ಅಡಿಗಳಲ್ಲಿ ಕೊಟ್ಟರೂ ನಾವು ವಾಸಿಸುವುದು ಘನ ಅಡಿಗಳಲ್ಲಿ. ಆರೂವರೆ ಅಡಿ ಎತ್ತರ, 3 ಅಡಿ ಅಗಲ, ಒಂದೂವರೆ ಅಡಿ ಆಳದ ಉಕ್ಕಿನ ಬೀರು ಹಿಡಿಸುವುದು ಸುಮಾರು 29 ಘನ ಅಡಿ. ಒಂದು ಗೋಡೆಯ ಉದ್ದಕ್ಕೂ 7 ಅಡಿಗಳ ಮೇಲೆ, ಒಂದೂವರೆ ಅಡಿ ಅಗಲವಾಗಿ ಅಟ್ಟವನ್ನು ಕಟ್ಟಿದರೆ ಅಲ್ಲಿ 30 ಘನ ಅಡಿ ಸಿಗುತ್ತದೆ. ಎಂದೋ ಒಮ್ಮೆ ಬೇಕಾಗುವ ವಸ್ತುಗಳು ಅಲ್ಲಿಗೆ ಏರಿದರೆ, ಬೀರು ನಿಂತಿದ್ದ ನೆಲ ಬರಿದಾಗುತ್ತದೆ.

ಇದೇನೂ ಹೊಸ ಶೋಧವಲ್ಲ. ನಮ್ಮ ಹಳೆಯ ಮನೆಗಳಲ್ಲಿ ಹಾಲು ಮೊಸರಿನ ಗಡಿಗೆಗಳು ನೆಲುವಿನಲ್ಲಿ ತೂಗುತ್ತಿದ್ದವು. ದೀಪಕ್ಕೆ ಗೋಡೆಯೊಳಗೇ ಗೂಡಿರುತ್ತಿತ್ತು. ಬೆಳಗಾಗುತ್ತಲೇ ಹಾಸಿಗೆಗಳು ಸುರುಳಿಯಾಗಿ ಮೂಲೆ ಸೇರುತ್ತಿದ್ದವು. ರಾತ್ರಿ ಎಂಟು ಜನ ಮಲಗಿದ್ದ ನಡುಮನೆಯೇ ಹಗಲು ಊಟದ ಮನೆಯಾಗಿ, ಸಂಜೆ ಮಕ್ಕಳ ಪಾಠಶಾಲೆಯಾಗಿ ಮಾರ್ಪಡುತ್ತಿತ್ತು. ಉದ್ದ, ಅಗಲ, ಎತ್ತರಗಳ ಜೊತೆಗೆ ನಮ್ಮ ಅಜ್ಜಿಯರು ಕಾಲವನ್ನೂ ಲೆಕ್ಕಕ್ಕೆ ತಂದಿದ್ದರು. ಹಗಲೆಲ್ಲ ಬರಿದೇ ಬಿದ್ದಿರುವ ದೊಡ್ಡ ಮಂಚವನ್ನು ಕಂಡಾಗ ನಾವು ಈ ಲೆಕ್ಕವನ್ನು ಮರೆತೆವೆಂದು ನನಗೆ ಅನಿಸುತ್ತದೆ.

ಅಳತೆಯನ್ನು ಶಾಸ್ತ್ರೀಯವಾಗಿ ನಡೆಸಿದರೆ ಏನನ್ನು ಸಾಧಿಸಬಹುದೆಂಬುದಕ್ಕೆ ಜರ್ಮನಿಯಲ್ಲೊಂದು ಪ್ರಸಿದ್ಧ ನಿದರ್ಶನವಿದೆ. 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿಯು ಒಂದು ಅಡಿಗೆಮನೆಯನ್ನು ರೂಪಿಸಿದರು. ಅದರ ಅಗಲ 1.9 ಮೀಟರು, ಉದ್ದ 3.4 ಮೀಟರು. ರೈಲುಗಾಡಿಯ ಊಟದ ಡಬ್ಬಿಯಲ್ಲಿರುವ ಇಕ್ಕಟ್ಟಾದ ಅಡಿಗೆಕೋಣೆಯೇ ಅವರಿಗೆ ಮಾದರಿ. ಅಡಿಗೆ ಮಾಡುವವರು ಎಷ್ಟು ಹೆಜ್ಜೆ ನಡೆಯಬೇಕು, ಕೈ ಎಲ್ಲಿಗೆ ಎಟುಕುತ್ತದೆ ಎಂಬುದನ್ನು ಪರಿಶೀಲಿಸಿ ಪ್ರತಿಯೊಂದಕ್ಕೂ ಸ್ಥಾನವನ್ನು ನಿಗದಿ ಮಾಡಿದರು. ಇಸ್ತ್ರಿಯ ಹಲಗೆ ಗೋಡೆಗೆ ಮಡಚಿಕೊಳ್ಳುತ್ತಿತ್ತು, ಬಾಗಿಲು ಸರಿಯುತ್ತಿತ್ತು. ಸುಮಾರು 10,000 ಮನೆಗಳಲ್ಲಿ ಈ ಅಡಿಗೆಮನೆ ನೆಲೆಗೊಂಡಿತು.

ಆದರೆ ಅದರಲ್ಲಿಯೂ ಒಂದು ಕೊರತೆ ಉಳಿಯಿತು. ಅಲ್ಲಿ ಒಬ್ಬರಿಗೆ ಮಾತ್ರವೇ ಸ್ಥಳವಿತ್ತು. ನೆರವಾಗಲು ಇನ್ನೊಬ್ಬರು ಬಂದರೆ ನಿಲ್ಲಲು ಎಡೆಯಿಲ್ಲ. ಅಡಿಗೆಯ ಹೊರೆಯೆಲ್ಲ ಮನೆಯೊಡತಿಯೊಬ್ಬಳದೇ ಎಂಬ ಊಹೆ ಗೋಡೆಗಳೊಳಗೇ ಸೇರಿಹೋಗಿತ್ತು. ಆದುದರಿಂದ ಎಷ್ಟು ಜಾಗವೆಂದು ಅಳೆಯುವುದರ ಜೊತೆಗೆ, ಅದು ಯಾರಿಗೆಂದೂ ಕೇಳಿಕೊಳ್ಳಬೇಕು. ಚಿಕ್ಕ ಮನೆಯಲ್ಲಿ ಈ ಪ್ರಶ್ನೆ ತೀಕ್ಷ್ಣವಾಗುವುದು ಕಿಟಕಿಯ ಬಳಿ. ಏಕೆಂದರೆ ನೆಲಕ್ಕಿಂತಲೂ ದುರ್ಲಭವಾದುದು ಬೆಳಕು.

ಬೆಳಕನ್ನು ಹೆಚ್ಚಿಸಿಕೊಳ್ಳುವ ಉಪಾಯ ಸುಲಭವಾಗಿದೆ. ಹೊಸದಾಗಿ ಸುಣ್ಣ ಬಳಿದ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ. ಆ 80 ಪಾಲು ಇನ್ನೊಂದು ಗೋಡೆಗೆ ಬಿದ್ದು 64 ಪಾಲಾಗಿ ಮರಳುತ್ತದೆ. ಅದು ಮತ್ತೆ ಸುಮಾರು 51 ಪಾಲಾಗುತ್ತದೆ. ಇದು ನಿಮಗೆ ಪರಿಚಿತವಾದ ಗುಣೋತ್ತರ ಶ್ರೇಢಿ. ಕೊನೆಯವರೆಗೂ ಕೂಡಿದರೆ ಮೊದಲಿನ 100 ಪಾಲು 500ರಷ್ಟು ಕೆಲಸ ಮಾಡುತ್ತದೆ. ಬಿದ್ದ ಬೆಳಕಿನಲ್ಲಿ ಅರ್ಧವನ್ನು ನುಂಗುವ ಬಣ್ಣವಾದರೆ ಮೊತ್ತ 200 ಮಾತ್ರ. ನೆಲವೂ ಸಾಮಾನುಗಳೂ ಬೆಳಕನ್ನು ಹೀರುವುದರಿಂದ ನಿಜವಾದ ಕೋಣೆಯಲ್ಲಿ ಇಷ್ಟು ಲಾಭ ದೊರೆಯದು; ಆದರೂ ತಿಳಿಬಣ್ಣದ ಗೋಡೆಗೆ ಸಮನಾದ ಅಲಂಕಾರ ಇನ್ನೊಂದಿಲ್ಲ. ಕಿಟಕಿಯ ಎದುರಿಗೆ ಕನ್ನಡಿಯನ್ನು ತೂಗುಹಾಕಿದರೂ ಒಳಮೂಲೆಗೆ ಬೆಳಕು ಹರಿಯುತ್ತದೆ. ಸಮತಲ ಕನ್ನಡಿಯ ಪ್ರತಿಬಿಂಬವು ಅಷ್ಟೇ ದೂರ ಹಿಂದಕ್ಕೆ ತೋರುವುದರಿಂದ ಕೋಣೆ ಎರಡರಷ್ಟಾಗಿ ಕಾಣುವುದೂ ಉಂಟು. ಆದರೆ ಆ ಎರಡನೆಯ ಕೋಣೆಯಲ್ಲಿ ಒಂದು ಪುಸ್ತಕವನ್ನೂ ಇಡಲಾರೆವು!

ಇಷ್ಟೆಲ್ಲ ಹೇಳುವ ನನ್ನ ಮನೆಯಲ್ಲಿಯೇ ಬಹುಕಾಲ ನಡೆದುದು ಬೇರೆ. ಮುಂದಿನ ಕೋಣೆಗಿದ್ದುದು ಒಂದೇ ಕಿಟಕಿ. ಅದರ ಅರ್ಧಕ್ಕೆ ಅಡ್ಡವಾಗಿ ಗಾಜಿನ ಬಾಗಿಲಿನ ಷೋಕೇಸು ನಿಂತಿತ್ತು. ಅದರೊಳಗೆ ಹಿತ್ತಾಳೆಯ ಆನೆಗಳು, ಯಾರೂ ಕುಡಿಯದ ಪಿಂಗಾಣಿಯ ಬಟ್ಟಲುಗಳು. ನನ್ನ ಮಗಳು ಒಳಮೂಲೆಯಲ್ಲಿ ನಡುಹಗಲಿನಲ್ಲಿಯೂ ದೀಪವನ್ನು ಹಾಕಿಕೊಂಡು ಓದುತ್ತಿದ್ದಳು. ಹೀಗೆ ಇರಲೆಂದು ಯಾರೂ ನಿರ್ಧರಿಸಿರಲಿಲ್ಲ. ಮನೆಗೆ ಬಂದ ದಿನ ಕೂಲಿಯವರು ಇಳಿಸಿದ ಜಾಗದಲ್ಲಿಯೇ ಅದು ಉಳಿದುಬಿಟ್ಟಿತ್ತು. ಪಿ.ಯು. ತರಗತಿಗೆ ಸೇರಿದ ಮೇಲೆ ಅವಳೇ ಅಳೆದು, ನಕ್ಷೆ ಬರೆದು, ನನ್ನ ಮುಂದಿಟ್ಟಳು. ವಾದಿಸಲು ನನ್ನಲ್ಲಿ ಏನೂ ಇರಲಿಲ್ಲ. ಷೋಕೇಸು ಹೊರಟಿತು, ಆನೆಗಳು ಅಟ್ಟವನ್ನೇರಿದವು, ಮೇಜು ಕಿಟಕಿಯ ಬಳಿಗೆ ಬಂದಿತು. ಮನೆ ಬೋಳಾಯಿತಲ್ಲ ಎಂದು ನೆಂಟರೊಬ್ಬರು ಮರುಗಿದರು. ಬೋಳಾದುದು ನಿಜ, ಹಗಲು ದೀಪ ಹಾಕುವುದು ನಿಂತುದೂ ನಿಜ.

ಬಂದವರ ಕಣ್ಣಿಗೆ ಮನೆ ಚೆನ್ನಾಗಿ ಕಾಣಬೇಡವೆ ಎಂದು ಕೆಲವರು ಕೇಳಬಹುದು. ಒಪ್ಪತಕ್ಕ ಮಾತೇ. ಅತಿಥಿಸತ್ಕಾರ ನಮ್ಮ ಹಿರಿಯ ಗುಣಗಳಲ್ಲಿ ಒಂದು. ಆದರೆ ಅತಿಥಿಯು ತಿಂಗಳಿಗೆ ಕೆಲವು ಗಂಟೆ ಕುಳಿತು ಹೋಗುವವನು; ಮನೆಯ ಹುಡುಗನೋ ಹುಡುಗಿಯೋ ದಿನವೂ ಗಂಟೆಗಟ್ಟಲೆ ಅಲ್ಲಿ ಕಣ್ಣನ್ನು ದುಡಿಸುವವರು. ಒಳ್ಳೆಯ ಬೆಳಕನ್ನು ಗಾಜಿನ ಗೊಂಬೆಗೆ ಕೊಟ್ಟು, ಓದುವವರನ್ನು ಕತ್ತಲೆಗೆ ನೂಕುವುದನ್ನು ಅಲಂಕಾರವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ವಿದ್ಯಾರ್ಥಿ ಮಿತ್ರರೆ, ಈ ಕೆಲಸವನ್ನು ನೀವೇ ಕೈಗೊಳ್ಳಬಹುದು. ಒಂದು ಅಳತೆಯ ಪಟ್ಟಿ, ಒಂದು ಗ್ರಾಫ್ ಹಾಳೆ ಇದ್ದರೆ ಸಾಕು. ಒಂದು ಅಡಿಗೆ ಒಂದು ಸೆಂಟಿಮೀಟರಿನಂತೆ ಕೋಣೆಯ ನಕ್ಷೆಯನ್ನು ಬರೆಯಿರಿ. ಕಿಟಕಿಯನ್ನೂ ಬಾಗಿಲು ಬಳಿಯುವ ವೃತ್ತಭಾಗವನ್ನೂ ಗುರುತಿಸಿರಿ. ಮಂಚ, ಮೇಜು, ಬೀರುಗಳನ್ನು ಅದೇ ಪ್ರಮಾಣದಲ್ಲಿ ರಟ್ಟಿನಿಂದ ಕತ್ತರಿಸಿ ನಕ್ಷೆಯ ಮೇಲೆ ಸರಿಸಿ ನೋಡಿರಿ. ಬಲಗೈಯಿಂದ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಬರವಣಿಗೆಯ ಮೇಲೆ ಬೀಳದು. ರಾತ್ರಿಯ ದೀಪವನ್ನು 6 ಅಡಿ ದೂರದಿಂದ 2 ಅಡಿಗೆ ತಂದರೆ, ವಿಲೋಮ ವರ್ಗ ನಿಯಮದಂತೆ ಪುಟದ ಮೇಲೆ ಬೀಳುವ ಅದರ ನೇರ ಬೆಳಕು ಸುಮಾರು ಒಂಬತ್ತರಷ್ಟಾಗುತ್ತದೆ. ನಕ್ಷೆ ಸಿದ್ಧವಾದ ಮೇಲೆ ಮನೆಯವರೆಲ್ಲರನ್ನೂ ಕೂಡಿಸಿ ತೋರಿಸಿರಿ. ಅಡಿಗೆಮನೆಯಲ್ಲಿ ನಿಂತು ದುಡಿಯುವ ತಾಯಿಗೆ ಯಾವ ಕಿಟಕಿಯ ಬೆಳಕು ದೊರೆಯುತ್ತಿದೆ ಎಂಬುದನ್ನು ಆಗಲೇ ವಿಚಾರಿಸಲು ಮರೆಯಬೇಡಿರಿ.