ಹದ ಆರುವ ಮೊದಲು ಬೀಜ ಕೊಡಿ

ಮಾನ್ಯ ಕೃಷಿ ಸಚಿವರಿಗೆ,

ನಾನು ತುಮಕೂರು ಜಿಲ್ಲೆಯಲ್ಲಿ ಮಳೆ ನಂಬಿ ರಾಗಿ ಬೆಳೆಯುವವನು. ಸರ್ಕಾರ ಕೊಡುವ ಬೀಜ ಕಳಪೆ ಎಂದು ದೂರಲು ಬರೆಯುತ್ತಿಲ್ಲ. ಜಿಪಿಯು-28 ನಮ್ಮ ಹೊಟ್ಟೆ ತುಂಬಿಸಿದ ತಳಿ. ನನ್ನ ತಕರಾರು ಅದು ಕೈಸೇರುವ ಹೊತ್ತಿನದು.

ಮಳೆಯಾಶ್ರಿತ ರಾಗಿಗೆ ‘ಬೀಜ ಕಠಿಣೀಕರಣ’ ಮಾಡಿ ಎಂದು ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಹೆಸರು ಕೇಳಿದರೆ ಭಯವಾಗುತ್ತದೆ, ಕೆಲಸ ಮಾತ್ರ ಅಡುಗೆಮನೆಯದು. ಕೂಸಿನ ಸರಿಹಿಟ್ಟಿಗೆಂದು ನಮ್ಮ ಹೆಂಗಸರು ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸುವುದಿಲ್ಲವೇ? ಇಲ್ಲಿಯೂ ಅದೇ, ಮೊಳಕೆ ಉದ್ದವಾಗಲು ಬಿಡಬಾರದು ಅಷ್ಟೆ. ಕೆಜಿ ಬೀಜಕ್ಕೆ ಲೀಟರ್ ನೀರು, 6 ಗಂಟೆ ನೆನೆ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ 2 ದಿನ. ಬಿಳಿ ಚುಕ್ಕೆ ಇಣುಕಿದೊಡನೆ ನೆರಳಲ್ಲಿ ಹರಡಿ ಮತ್ತೆ 2 ದಿನ.

ಹೀಗೆ ಒಮ್ಮೆ ಎಚ್ಚರಗೊಂಡು ಒಣಗಿದ ಬೀಜ ಹೊಲದ ತೇವ ತಾಗಿದ್ದೇ ಬೇಗ ಮೊಳೆಯುತ್ತದೆ, ಸಾಲೆಲ್ಲ ಒಟ್ಟಿಗೆ ಏಳುತ್ತದೆ. ಎಳೆ ಪೈರಿಗೆ ಬಿಸಿಲು ತಡೆಯುವ ತಾಕತ್ತೂ ಬರುತ್ತದೆ. ಬಿತ್ತಿಸಿಕೊಂಡು ಹದಿನೈದು ದಿನ ನಾಪತ್ತೆಯಾಗುವ ಮಳೆಯ ಸೀಮೆ ನಮ್ಮದು, ಸ್ವಾಮಿ.

ಈಗ ಲೆಕ್ಕ ಹಾಕಿ. ಈ ಕೆಲಸಕ್ಕೆ ನಾಲ್ಕು ದಿನದ ಮೇಲೆ ಬೇಕು. ನಮ್ಮ ಹೋಬಳಿಯಲ್ಲಿ ಬೀಜದ ಸಾಲು ಶುರುವಾಗುವುದೇ ಮಳೆ ಬಿದ್ದ ಮೇಲೆ. ಆಧಾರ್, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಎಲ್ಲ ಮುಗಿಸಿ ಚೀಲ ಹೊತ್ತು ಬರುವಷ್ಟರಲ್ಲಿ ಕೆಂಪು ಮಣ್ಣಿನ ಹದ ಆರತೊಡಗಿರುತ್ತದೆ. ಆಗ ಬೀಜ ಯಾರು ನೆನೆಹಾಕುತ್ತಾರೆ? ಚೀಲ ಬಿಚ್ಚಿ ನೇರ ಕೂರಿಗೆಗೆ ಸುರಿಯುತ್ತೇವೆ. ಹೋದ ಸಲ ಹಾಗೆ ಬಿತ್ತಿದ ಒಂದೂವರೆ ಎಕರೆಗೆ ಮತ್ತೊಮ್ಮೆ ಬಿತ್ತಿದೆ. ಮನೆಯ ಹಳೆ ರಾಗಿಯನ್ನು ಕಟ್ಟಿ ಒಣಗಿಸಿ ಹಾಕಿದ್ದ ಮೂಲೆಯಲ್ಲಿ ಪೈರು ತೆಳ್ಳಗಾದರೂ ಉಳಿಯಿತು. ಒಂದು ಮೂಲೆ ನೋಡಿ ಶಾಸ್ತ್ರ ಬರೆಯಲಾಗದು, ಒಪ್ಪುತ್ತೇನೆ.

ಇನ್ನೊಂದು ತೊಡಕಿದೆ. ಚೀಲದ ಬೀಜಕ್ಕೆ ಮೊದಲೇ ಶಿಲೀಂಧ್ರನಾಶಕ ಹಚ್ಚಿದ್ದರೆ, ನೆನೆಹಾಕಿದಾಗ ಔಷಧವೆಲ್ಲ ಬಕೆಟ್ಟಿನ ಪಾಲು. ಆ ಬಕೆಟ್ಟು ದನಕರುವಿನ ಬಾಯಿಗೂ ಸಿಗುವಂಥದ್ದು. ನೆನೆಸಿ ಒಣಗಿದ ಮೇಲೆ ಔಷಧ ಹಚ್ಚುವುದು ಸರಿಯಾದ ಕ್ರಮ. ಬೀಜವನ್ನು ಬರಿದಾಗಿ ಕೊಟ್ಟು, ಔಷಧವನ್ನು ಬೇರೆ ಪೊಟ್ಟಣದಲ್ಲಿ ಕೊಡಬಾರದೇ? ಹಚ್ಚಿಯೇ ಕೊಡುವುದಾದರೆ ‘ನೆನೆಹಾಕಬೇಡಿ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಚೀಲದ ಮೇಲಿರಲಿ.

2023ರ ಸಿರಿಧಾನ್ಯ ವರ್ಷದಲ್ಲಿ ಮೇಳದ ಮಳಿಗೆಗಳಿಗೆ ರಾಗಿ ಬಿಸ್ಕತ್ತು ಒಂದು ದಿನವೂ ತಡವಾಗದೆ ಬಂದದ್ದನ್ನು ಕಂಡಿದ್ದೇನೆ. ಬೀಜಕ್ಕೂ ಅಷ್ಟು ಮುತುವರ್ಜಿ ಸಿಗಲಿ. ನಾವು ರಾಗಿ ಬಿತ್ತುವುದು ಜುಲೈ ಮೊದಲ ವಾರ ಹುಟ್ಟುವ ಪುನರ್ವಸು ಮಳೆಗೆ. ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುವ ಹೊತ್ತಿಗೇ ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜ ಹಂಚಿಕೆ ಮುಗಿಯುವಂತೆ ಈ ವರ್ಷವೇ ಆದೇಶ ಹೊರಡಿಸಿ.

ಇಂತಿ,
ಒಬ್ಬ ರಾಗಿ ಬೆಳೆಗಾರ